ಮಾನಿಟರ್ ಒಂದು, ಸ್ಟ್ಯಾಂಡ್ ಒಂದು

"ಗಟ್ಟಿ ಹಿಡಿಯೋ ನಬಿಸಾಬ! ಒಡದ್ರ ನನ್ನ ಮ್ಯಾಲೆ ಬರ್ತದ!"

ಗುಮಾಸ್ತ ಸಾಬಣ್ಣನವರು ಮಾನಿಟರನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಅದರ ಸ್ಟ್ಯಾಂಡನ್ನು ಜಗ್ಗುತ್ತಿದ್ದರು. ಮಾನಿಟರಿನ ಇನ್ನೊಂದು ತುದಿ ಜವಾನ ನಬಿಸಾಬನ ಕೈಯಲ್ಲಿತ್ತು. ಸ್ಟ್ಯಾಂಡು ಉಡದಂತೆ ಕಚ್ಚಿ ಕೂತಿತ್ತು. ಇದು ಹನ್ನೊಂದನೆಯ ದಿನ.

ಸಾಬಣ್ಣನವರು ನಿವೃತ್ತರಾಗಿಯೂ ಹನ್ನೊಂದೇ ದಿನ. ಸುರಪುರದ ಆ ಸರ್ಕಾರಿ ಕಚೇರಿಯಲ್ಲಿ ಹಾರ, ಶಾಲು, ಭಾಷಣ ಎಲ್ಲ ಮುಗಿದಿದ್ದವು. ಅವರ ಜಾಗಕ್ಕೆ ಬಂದ ಪಂಚಶೀಲಾಳಿಗೆ ಚಾರ್ಜು ಒಪ್ಪಿಸುವುದೊಂದು ಉಳಿದಿತ್ತು. ಸಾಮಾನಿನ ರಿಜಿಸ್ಟರಿನಲ್ಲಿ 'ಮಾನಿಟರ್ ಒಂದು' ಎಂದು ಒಂದು ಸಾಲು, 'ಸ್ಟ್ಯಾಂಡ್ ಒಂದು' ಎಂದು ಇನ್ನೊಂದು ಸಾಲು. ಬಂದದ್ದು ಎರಡು, ಕೊಡಬೇಕಾದದ್ದೂ ಎರಡು.

"ಕೂಡೇ ಇರ್ಲಿ ಬಿಡ್ರಿ ಸರ್. ಎರಡೂ ಮುಟ್ಟ್ಯಾವ ಅಂತ ಸಹಿ ಮಾಡ್ತೀನಿ," ಎಂದಳು ಪಂಚಶೀಲಾ. ಅವಳು ನಿಂತೇ ಇದ್ದಳು. ಚಾರ್ಜು ಮುಗಿಯದೆ ಕುರ್ಚಿ ಇಲ್ಲ. ಈ ವಾರದೊಳಗೆ ಮುಗಿಯದಿದ್ದರೆ ನಿಮ್ಮನ್ನು ಬೇರೆ ಕಡೆ ಹಾಕುತ್ತೇವೆ ಎಂದು ಯಾದಗಿರಿಯ ಜಿಲ್ಲಾ ಕಚೇರಿಯಿಂದ ಕಾಗದವೂ ಬಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ.

"ಹಂಗಂದ್ರ ಹೆಂಗ ತಂಗಿ? ನಾಳೆ ಆಡಿಟ್‌ನವ್ರು ಬಂದು, ಒಂದೇ ಸಾಮಾನ ಅದ, ಇನ್ನೊಂದೆಲ್ಲಿ ಅಂದ್ರ ನಿನಗ ಕುತ್ತು. ಮೂವತ್ತಾರು ವರ್ಷದಾಗ ನನ್ನ ಕಾಗದದಾಗ ಒಂದು ತಪ್ಪಿಲ್ಲ."

ಕಚೇರಿಯೇ ತಲೆದೂಗಿತು. ಇಂಥವರು ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ತಮ್ಮ ಪಿಂಚಣಿಯ ಕಡತವೇ ಚಾರ್ಜಿಗಾಗಿ ಕಾದು ಕೂತಿದ್ದರೂ ಮನುಷ್ಯ ನಿಯಮ ಬಿಡಲಿಲ್ಲ! ದಿನಾ ಹತ್ತಕ್ಕೆ ಸರಿಯಾಗಿ ಬರುತ್ತಿದ್ದರು. ಹಳೆಯ ಕುರ್ಚಿಯಲ್ಲೇ ಕೂತು, ನಬಿಸಾಬ ತಂದ ಚಹಾ ಕುಡಿದು, ಬೋನಾಳ, ಕಕ್ಕೇರಾ ಊರುಗಳ ಕಡೆಯಿಂದ ಬಂದವರ ನಮಸ್ಕಾರ ತೆಗೆದುಕೊಂಡು, ಆಮೇಲೆ ಸ್ಟ್ಯಾಂಡಿಗೆ ಕೈ ಹಾಕುತ್ತಿದ್ದರು. ನಿನ್ನೆ ಬೆರಳೂ ಜಜ್ಜಿಕೊಂಡಿದ್ದರು. ನೋಡಿದವರ ಕರುಳು ಚುರುಕ್ಕೆಂದಿತು.

"ಮನ್ಯಾಗ ಸುಂದ್ರಮ್ಮ ಕಾಯಿಪಲ್ಯದ ಚೀಲ ಹಿಡ್ಕೊಂಡು ನನ್ನ ದಾರಿ ಕಾಯಾಕತ್ಯಾಳ," ಎಂದು ಹೆಂಡತಿಯ ಮಾತೆತ್ತಿ ಅವರು ನಿಟ್ಟುಸಿರು ಬಿಟ್ಟರು.

ರಿಪೇರಿಯವನನ್ನು ಕರೆಸೋಣವೆಂದರೆ ಮೂರು ಕೊಟೇಶನ್ ಬೇಕು ಎನ್ನುತ್ತಿದ್ದರು. ಪಂಚಶೀಲಾಳ ಕಾಲೂ ಸೋತಿತ್ತು, ತಾಳ್ಮೆಯೂ ಸೋತಿತ್ತು. ಹೊರಗೆ ಹೋಗಿ ಶಹಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದಳು.

ಮಧ್ಯಾಹ್ನ ಅಂಗಡಿಯ ಮುನಾವರ ಬಂದ. ಸಾಬಣ್ಣನವರು ದಡಬಡಿಸಿ ಎದ್ದರು.

"ಬ್ಯಾಡ, ಬ್ಯಾಡ! ಕೊಟೇಶನ್ ಇಲ್ದ ಹೊರಗಿನವ್ರು ಸರ್ಕಾರಿ ಮಾಲು ಮುಟ್ಟಂಗಿಲ್ಲ!"

ಮುನಾವರ ಆಗಲೇ ಮಾನಿಟರಿನ ಮೇಲೆ ಬಗ್ಗಿದ್ದ. ಸ್ಟ್ಯಾಂಡಿನ ಬುಡವನ್ನು ಉಗುರಿನಿಂದ ಕೆರೆದು ನೋಡಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ಗೊಂದಲವಿತ್ತು.

"ಸಾಬಣ್ಣ ಸರ್, ಹೋದ ತಿಂಗಳ ಇದನ್ನ ದುಕಾನಕ್ಕ ತಂದು, ಯಾರ ಅಪ್ಪ ಬಂದ್ರೂ ಬಿಚ್ಚಬಾರ್ದು, ಹಂಗ ಅಂಟು ಹಾಕು ಅಂದವ್ರು ನೀವೇ ಅಲ್ರೀ?"