ಹನ್ನೊಂದನೇ ದಿನದ ಹಾಲು

ಕೆಚ್ಚಲಿಗೆ ಕೈ ಹಾಕಿ ಎಷ್ಟು ಹೊತ್ತಾದರೂ ಸುಗನ್ಯಾ ಒಂದು ತೊಟ್ಟು ಹಾಲನ್ನೂ ಕರೆದಿರಲಿಲ್ಲ. ಬೆನ್ನ ಹಿಂದೆ ಮಾವ ಗುರುಸಾಮಿ ಮಿಂದು, ಬಿಳಿ ವೇಷ್ಟಿ ಉಟ್ಟು, ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದರು. ಜನವರಿ ಒಂದನೇ ತಾರೀಖು, ಬೆಳಗಿನ ಆರೂವರೆ. ಕೆಂಪಿ ಕರು ಹಾಕಿ ಅವತ್ತಿಗೆ ಹನ್ನೊಂದು ದಿನ.

ತಮಿಳುನಾಡಿನ ಕಂಬಂ ಕಣಿವೆಯ ಆ ಕನ್ನಡದ ಮನೆಯಲ್ಲಿ ಕಟ್ಟಳೆ ಒಂದೇ. ಹತ್ತು ದಿನದ ಹಾಲು ಕರುವಿಗೆ, ಗಿಣ್ಣಿಗೆ. ಹನ್ನೊಂದನೇ ದಿನ ಮೊದಲು ಕರೆದದ್ದು ಕುಲದವರು ತಮ್ಮ ದೇವರು ತಂಬಿರಾನನ ದನಗಳನ್ನು ಸಾಕುವ ದೊಡ್ಡಿಗೆ, ತಂಬಿರಾನ್ ತೊಳುವಿಗೆ. ಅದು ಹೋಗಿ ಮುಟ್ಟುವವರೆಗೆ ಮನೆಯವರಿಗೆ ಕಾಫಿಗೂ ಹನಿ ಹಾಲಿಲ್ಲ. ಗುರುಸಾಮಿಯ ತಾತನೂ ಇದೇ ಚೊಂಬು ಹೊತ್ತು ನಡೆದವರು.

ಸುಗನ್ಯಾಳ ಕಷ್ಟವೇನೆಂದರೆ, ಅದೇ ಹಾಲನ್ನು ಅವಳು ಯೇಸುವಿಗೆ ಮುಡಿಪಿಟ್ಟುಬಿಟ್ಟಿದ್ದಳು.

ಅವಳೂ ಕನ್ನಡದವಳೇ, ದಿಂಡಿಗಲ್ ಕಡೆಯವಳು. ತಾತನ ಕಾಲದಲ್ಲೇ ಅವರ ಮನೆ ಕ್ರೈಸ್ತರದಾಗಿತ್ತು. ಧನಪಾಲನನ್ನು ಮೆಚ್ಚಿ ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷ. ಭಾನುವಾರ ಚರ್ಚಿಗೆ ಹೋಗಬೇಡವೆಂದು ಯಾರೂ ಅಂದಿರಲಿಲ್ಲ. ಕೊಟ್ಟಿಗೆಯ ಸೂರಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟಲು ವೈರು ಎಳೆದುಕೊಟ್ಟವರು ಈ ಮಾವನೇ. ಹಾಗಂತ ತಂಬಿರಾನ್ ಹಾಲಿಗೇ ಕೈ ಹಾಕುವುದೆ?

ಡಿಸೆಂಬರ್ ಇಪ್ಪತ್ತೆರಡರ ಮಧ್ಯಾಹ್ನ ಕರುವಿನ ಮುಂಗಾಲು ಮಡಚಿಕೊಂಡು ಒಳಗೇ ಸಿಕ್ಕಿಬಿದ್ದಿತ್ತು. ಡಾಕ್ಟರು ಚಿನ್ನಮನೂರಿನಿಂದ ಬರಬೇಕು, ಇನ್ನೂ ಬಂದಿರಲಿಲ್ಲ. ಕೆಂಪಿ ಕಣ್ಣು ತೇಲಿಸಿದ್ದನ್ನು ಕಂಡು ಸುಗನ್ಯಾ ಅದರ ಹೊಟ್ಟೆಗೆ ಹಣೆ ಒತ್ತಿ ಗಟ್ಟಿಯಾಗಿ ಬೇಡಿಕೊಂಡಳು. ಎರಡೂ ಜೀವ ಉಳಿಸು ಸ್ವಾಮಿ, ಮೊದಲ ಹಾಲು ನಿನ್ನದು, ಹೊಸ ವರ್ಷದ ಆರಾಧನೆಗೆ ಬಂದವರಿಗೆಲ್ಲ ಪಾಯಸ. ತವರಿನಲ್ಲಿ ಮೊದಲ ಬಾಳೆಗೊನೆ, ಮೊದಲ ದ್ರಾಕ್ಷಿ, ಮೊದಲ ಮೊಟ್ಟೆ ಎಲ್ಲ ಚರ್ಚಿಗೇ ಹೋಗುತ್ತಿದ್ದವು. ನಾಲಿಗೆ ಅದೇ ಹಳೆಯ ದಾರಿ ಹಿಡಿದಿತ್ತು. ಅರ್ಧ ಗಂಟೆಯೊಳಗೆ ಅತ್ತೆ ಚಿನ್ನಮ್ಮಾಳ್ ತಾವೇ ಕೈ ತೂರಿಸಿ ಕಾಲು ಬಿಡಿಸಿದರು. ಕರು ಜಾರಿ ಬಂದು ಸೀನಿತು, ಎಲ್ಲರೂ ನಕ್ಕರು. ಸುಗನ್ಯಾಳಿಗೆ ಹನ್ನೊಂದನೇ ದಿನ ನೆನಪಾದದ್ದು ಆಮೇಲೆ.

ಅಲ್ಲಿಂದ ಹತ್ತು ದಿನ ಬಾಯಲ್ಲಿ ಬಿಸಿತುಪ್ಪ. ಧನಪಾಲನಿಗೆ ಹೇಳಿದರೆ, ತನ್ನನ್ನು ಮಧ್ಯಕ್ಕೆ ಎಳೆಯಬೇಡ ಎಂದು ದ್ರಾಕ್ಷಿ ಲೋಡಿನ ಜೊತೆ ಗೂಡಲೂರಿಗೆ ಹೊರಟುಬಿಟ್ಟ. ಅಂಗಡಿಯಲ್ಲಿ ಪ್ಯಾಕೆಟ್ ಹಾಲು ಕೊಂಡು ಕೊಡು, ದೇವರು ಮನಸ್ಸು ನೋಡುತ್ತಾನೆ ಎಂದು ಅಮ್ಮ ಫೋನಿನಲ್ಲಿ ಸಮಾಧಾನ ಹೇಳಿದಳು. ದೇವರು ಉಳಿಸಿದ್ದು ಪ್ಯಾಕೆಟ್ಟನ್ನಲ್ಲವಲ್ಲ ಎಂದುಕೊಂಡಳು ಸುಗನ್ಯಾ.

"ಏನಮ್ಮ ಕಣ್ಣು, ಹಸ ಹಾಲು ಇಳಿಸ್ಲಿಲ್ವಾ?" ಎನ್ನುತ್ತ ಚಿನ್ನಮ್ಮಾಳ್ ಕರುವನ್ನು ಹಿಡಿದುಕೊಂಡು ಬಂದರು.

"ಹಸ ಇಳಿಸ್ತದೆ ಅತ್ತೆ. ನಂಗೇ ಕೈ ಬರ್ತಿಲ್ಲ."

ಎಲ್ಲವನ್ನೂ ಹೇಳಿಬಿಟ್ಟಳು. ಹೇಳುವಾಗ ಮಾವನ ಮುಖ ನೋಡಲಿಲ್ಲ. ಗುರುಸಾಮಿಗೆ ಮಾತು ಕಮ್ಮಿ, ಕೋಪ ಮೂಗಿನ ತುದಿಯಲ್ಲೇ. ಅವರು ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಅದು ನಂಗೆ ಗೊತ್ತು," ಎಂದರು ಕೊನೆಗೆ. "ಅವತ್ತು ನಾನು ಬಾಗ್ಲಾಗೇ ನಿಂತಿದ್ನಲ್ಲ. ಆ ಗಾಬ್ರೀಲಿ ತಂಬಿರಾನ್ ಪೇರೇ ನಂಗೆ ಬಾಯ್ಗೆ ಬರ್ಲಿಲ್ಲಮ್ಮ. ನೀ ಜೆಬ ಮಾಡ್ತಿದ್ದೆ, ನಾ ತಲೆ ಆಡ್ಸ್ತಿದ್ದೆ. ನೀನಾಗೇ ಹೇಳ್ತೀಯಾ ಅಂತ ಹತ್ತು ದಿನ ಕಾದೆ."

ಸುಗನ್ಯಾಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಆದರೆ ಗುರುಸಾಮಿ ಅಲ್ಲಿಗೆ ಮುಗಿಸಲಿಲ್ಲ. ನೇರ್ತಿ ಅಂದರೆ ಹರಕೆ, ಹೊತ್ತಮೇಲೆ ತೀರಿಸಲೇಬೇಕು, ಅದು ಸರಿ, ತಂಬಿರಾನಿಗೆ ಎರಡನೇ ಹಾಲು ಹೊತ್ತುಕೊಂಡು ಹೋಗುವುದು ಮಾತ್ರ ತನ್ನಿಂದಾಗದು ಎಂದರು. ಎರಡನೇ ಹಾಲು ಒಯ್ಯಲು ತನ್ನಿಂದಲೂ ಆಗದು ಎಂದಳು ಸುಗನ್ಯಾ ಮೆಲ್ಲಗೆ. ಮಾವ ಸೊಸೆ ಇಬ್ಬರೂ ಕೆಂಪಿಯನ್ನು ನೋಡುತ್ತ ನಿಂತರು.

ಚಿನ್ನಮ್ಮಾಳ್ ಕರುವನ್ನು ತಾಯಿಯ ಮೂಗಿನ ಮುಂದೆ ಕಟ್ಟಿದರು. ಒಳಗೆ ಹೋಗಿ ಸ್ಟೀಲ್ ತೂಕು ಪಾತ್ರೆ ತಂದರು. ಸೀರೆ ಎತ್ತಿಕಟ್ಟಿ ಹಸುವಿನ ಆಚೆ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ನಾಕು ಮೊಲೆ ಐತೆ, ನಾವಿಬ್ರು ಇದೀವಿ, ಒಟ್ಟಿಗೇ ಕರೀಬೋದು. ಆ ಚೊಂಬು ತಗೊಂಡು ತಂಬಿರಾನ್ ಹಾಲು ನೀ ಕರಿ. ನಿನ್ ಸಾಮಿ ಹಾಲು ನಾ ಕರೀತೀನಿ. ಆಗ ಯಾರೂ ಕಳ್ಳಾಟ ಆಡಕ್ಕಾಗಲ್ಲ." ಆಮೇಲೆ ಗಂಡನ ಕಡೆ ಕತ್ತು ಎತ್ತಿದರು. "ನೀವು ಆ ಕಡೆ ತಿರುಗ್ರಿ. ಯಾವ್ದು ಮುಂದೆ ಬಿತ್ತು ಅಂತ ನೋಡಿದ್ರೆ ಸುಮ್ನಿರೋರಲ್ಲ."

ಗುರುಸಾಮಿ ಚೊಂಬನ್ನು ಸೊಸೆಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದರು. ಹಸುವಿನ ಹೊಟ್ಟೆಯ ಕೆಳಗಿನಿಂದ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿ ಕೈ ಹಾಕಿದರು. ಅಷ್ಟರಲ್ಲಿ ಗುರುಸಾಮಿಗೆ ಏನೋ ಹೊಳೆಯಿತು. ಹಿತ್ತಾಳೆಯ ಸದ್ದು ಬೇರೆ, ಸ್ಟೀಲಿನ ಸದ್ದು ಬೇರೆ. ಅವರು ಗೋಡೆ ನೋಡುತ್ತಲೇ ಎರಡೂ ಕಿವಿಗಳಲ್ಲಿ ಬೆರಳಿಟ್ಟುಕೊಂಡರು.