ವಾಲ್‌ಪೇಪರಿನಲ್ಲಿ ಬಾರದ ಮುಖ

ಹದಿನೇಳನೆಯ ಫೋನಿನಲ್ಲೂ ಲಗಮಣ್ಣನ ಮುಖ ಬರಲಿಲ್ಲ.

ಮೊಬೈಲ್ ರಿಪೇರಿಯ ಸುಧೀರ ಅದನ್ನು ಆರಿಸಿದ, ಮತ್ತೆ ಚಾಲೂ ಮಾಡಿದ. ಪರದೆಯ ತುಂಬ ಲಗಮಣ್ಣನ ಹೆಂಡತಿ ಚನ್ನವ್ವ ಒಬ್ಬಳೇ ನಿಂತಿದ್ದಳು. ಎಡಗಡೆ ಕೈಮುಗಿದು ನಿಂತಿದ್ದ ಗಂಡ, ಬಲಗಡೆ ನಿಂತಿದ್ದ ಎಮ್ಮೆ, ಇಬ್ಬರೂ ಮಾಯ.

“ಹಳೇ ಫೋನ್ ಐತ್ರಿ ಕಾಕಾ. ಫೋಟೋದ ನಡುವಿಂದಷ್ಟ ಹಿಡೀತೈತಿ. ಅಂಚಿನ್ಯಾಗ ಇದ್ದವ್ರು ಹೊರಗ ಬೀಳ್ತಾರ.”

ಶಿರಗುಪ್ಪಿಯ ಹಾಲಿನ ಸಂಘದ ಚುನಾವಣೆಗೆ ಇನ್ನು ನಾಲ್ಕೇ ದಿನ. ಎರಡು ಸಲ ಪಂಚಾಯ್ತಿಗೆ, ಒಂದು ಸಲ ಶಾಲೆಯ ಸಮಿತಿಗೆ ನಿಂತು, ಮೂರೂ ಸಲ ಮುಗಿದ ಕೈ ಇಳಿಸುವ ಮೊದಲೇ ಸೋತ ಮಹಾನುಭಾವ ಲಗಮಣ್ಣ. ಈ ಸಲವೂ ಕುರ್ಚಿ ಮನೆಗೆ ಬಾರದಿದ್ದರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಅವನಿಗೆ ನಿಜಕ್ಕೂ ಭಯವಾಗುತ್ತಿತ್ತು.

೨೦೧೫ರ ಆ ಹಂಗಾಮಿನಲ್ಲಿ ಫ್ಲೆಕ್ಸ್ ಕಟ್ಟಿ ಉಪಯೋಗವಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಅಭ್ಯರ್ಥಿಗಳ ಮುಖವನ್ನು ಪಕ್ಷಭೇದವಿಲ್ಲದೆ ಹರಿದುಕೊಂಡು ಹೋಗುತ್ತಿದ್ದವು. ಅದಕ್ಕೇ ವಾಲ್‌ಪೇಪರಾಗಿ ಮತದಾರರ ಫೋನಿನೊಳಗೇ ಹೋಗಿ ಕೂರುವ ಉಪಾಯ ಲಗಮಣ್ಣನಿಗೆ ಹೊಳೆದಿತ್ತು. ಹೊಸ ಬಿಳಿ ಟೋಪಿ ಹಾಕಿಕೊಂಡು ಫೋಟೋ ತೆಗೆಸಿದ್ದ. ಹೆಂಡತಿಯೂ ಇರಲೇಬೇಕು ಎಂದು ನಾಲ್ಕು ಜನ ಹೇಳಿದ್ದರಿಂದ ಅವಳನ್ನೂ ಕರೆದು ನಿಲ್ಲಿಸಿದ್ದ. ಎಮ್ಮೆ ಮಾತ್ರ ಅವನದೇ ಆಯ್ಕೆ.

ಸದಸ್ಯರ ಫೋನುಗಳೆಲ್ಲ ಮಕ್ಕಳು ಹೊಸದು ಕೊಂಡ ಮೇಲೆ ಅವರಿಗೆ ಇಳಿದು ಬಂದಂಥವು. ಒಂದರ ಗಾಜು ಸೀಳಿತ್ತು, ಇನ್ನೊಂದರ ಪರದೆ ಹಿಟ್ಟಿನ ಬೆರಳು ತಾಗಿ ಬೆಳ್ಳಗಾಗಿತ್ತು. ಫೋಟೋ ಕಳಿಸಲೆಂದು ವಾಟ್ಸಾಪ್ ಹಾಕಲು ಹೋದರೆ ಜಾಗವಿಲ್ಲ. ಜಾಗ ಮಾಡಬೇಕೆಂದರೆ ಭಜನೆ ಅಳಿಸಬೇಕು, ಇಲ್ಲವೇ ಮಗನ ಕುಸ್ತಿಯ ವಿಡಿಯೋ. ಸದಸ್ಯರು ಎರಡನ್ನೂ ಬಿಡಲೊಲ್ಲರು. ಸುಧೀರ ಮನೆಮನೆಗೆ ಹೋಗಿ, ಒಳಗೆ ಕೂತು ತಾಸುಗಟ್ಟಲೆ ಅವರ ಮನವೊಲಿಸುತ್ತಿದ್ದ. ಲಗಮಣ್ಣ ಹೊರಗೆ ಕಟ್ಟೆಯ ಮೇಲೆ ಮನೆಯ ಯಜಮಾನರೊಂದಿಗೆ ಚಹಾ ಕುಡಿಯುತ್ತ, ಕುರ್ಚಿ ಬಂದ ಮೇಲೆ ತಾನು ಮಾಡಲಿರುವ ಸುಧಾರಣೆಗಳನ್ನು ಒಂದೊಂದಾಗಿ ವಿವರಿಸುತ್ತಿದ್ದ.

“ಒಂದ್ರಾಗೂ ನನ್ನ ಮಾರಿ ಬರವಲ್ದು,” ಎಂದು ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಗೋಳಾಡಿದ.

ಚನ್ನವ್ವ ಹಾಲು ಹಿಂಡುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಮಾರಿ ಊರಾಗ ಯಾರು ನೋಡಿಲ್ಲ ಹೇಳ್ರಿ? ನಾಕ ದಿನ ಕಾಣದಿದ್ರ ಏನೂ ಆಗೂದಿಲ್ಲ.”

ಇದು ಸಮಾಧಾನವೆಂದೇ ಅವನು ತಿಳಿದ.

ಆದರೆ ರಾತ್ರಿಯೆಲ್ಲ ತಲೆಯಲ್ಲಿ ಹುಳ ಕೊರೆಯಿತು. ಅವನ ಲೆಕ್ಕದಲ್ಲಿ ಎದುರಾಳಿಯೆಂದರೆ ಕೆಳಗಿನ ಓಣಿಯ ಭರತ. ಸುಧೀರ ಆ ಓಣಿಗೂ ಹೋಗಿಬರುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವ ಜಾತಿ ಇದು ಎಂದುಕೊಂಡ ಲಗಮಣ್ಣ, ಬೆಳಿಗ್ಗೆ ಒಬ್ಬ ಸದಸ್ಯರ ಫೋನನ್ನು ಅವರ ಗಂಟುಮುಖ ಲೆಕ್ಕಿಸದೆ ಇಸಿದುಕೊಂಡು ಮೀರಜದ ಬಸ್ಸು ಹತ್ತಿದ. ಅಲ್ಲಿಯ ಅಂಗಡಿಯವನು ಫೋಟೋ ಕುಗ್ಗಿಸುವ ಚಿಕ್ಕದೊಂದು ಆ್ಯಪ್ ಹಾಕಿ, ಎರಡು ಸಲ ಬೆರಳು ಎಳೆದ. ಗಂಡ, ಹೆಂಡತಿ, ಎಮ್ಮೆ, ಮೂವರೂ ಪರದೆಯಲ್ಲಿ ಸುಖವಾಗಿ ನಿಂತರು.

ಮಧ್ಯಾಹ್ನ ಲಗಮಣ್ಣ ಆ ಫೋನನ್ನು ಸುಧೀರನ ಮೇಜಿನ ಮೇಲೆ ಇಟ್ಟ.

“ಲೇ ಸುಧ್ಯಾ, ಎರಡು ನಿಮಿಷದ ಕೆಲಸಕ್ಕ ವಾರ ಆಡಿಸಿದೆಲ್ಲಾ. ಭರತ ಏನು ತಿನಿಸ್ಯಾನ ಹೇಳ.”

“ಭರತಣ್ಣ ಯಾಕ ತಿನಿಸ್ತಾನ್ರಿ. ಅವನೂ ತನ್ನ ಮಾರಿ ಬರವಲ್ದು ಅಂತ ನಿನ್ನಿ ಬಂದು ಬೈದು ಹೋಗ್ಯಾನ.”

ಲಗಮಣ್ಣನಿಗೆ ಇದು ಅರ್ಥವಾಗಲಿಲ್ಲ. ಆದರೂ ಸ್ವಲ್ಪ ಸಂತೋಷವಾಯಿತು.

“ಮತ್ತ ನನ್ನ ಮಾರಿ ಹೊರಗ ಇಡು ಅಂತ ಯಾರು ಹೇಳ್ಯಾರ?”

“ಕ್ಯಾಂಡಿಡೇಟೇ ಹೇಳ್ಯಾರ್ರಿ. ಎಲ್ಲಾ ಫೋನಿನ್ಯಾಗೂ ಹಿಂಗ ಇರಬೇಕು ಅಂದಾರ.”

“ನಾ ಯಾವಾಗ ಹೇಳೇನಿ?”

“ನೀವಲ್ರಿ ಕಾಕಾ,” ಎಂದ ಸುಧೀರ, ತಲೆ ತಗ್ಗಿಸಿ ಫೋನು ಒರೆಸುತ್ತ. “ಮಹಿಳಾ ಹಾಲಿನ ಸಂಘಕ್ಕ ನಿಂತಾವ್ರು ಚನ್ನವ್ವ ಕಾಕು ಅಲ್ಲೇನ್ರಿ?”