ಸೋತವನ ಸರದಿ

ಗುಡದಪ್ಪ ಚಾಕುವಿನ ಹಿಡಿಯಿಂದ ಇಸಾಕಸಾಬನ ಬಾಯಿಗೆ ಗುದ್ದಿದ. ಮುದುಕನ ಹಲ್ಲೊಂದು ಮುರಿದು ಇಸ್ಪೀಟಿನ ಎಲೆಗಳ ಮೇಲೆ ಬಿತ್ತು.

“ಎದುರಿಗೆ ಕುಂತವಗ ಆಟ ಕಲಸ್ತೀಯೇನಲೇ?”

“ಕೂಸು ಐತ್ರಿ ಅದು.” ಇಸಾಕಸಾಬ ರಕ್ತ ಉಗುಳಿದ. “ಯಾವ ಎಲಿ ಆಡಬೇಕು, ಯಾವ್ದು ಒಗೀಬೇಕು ಅನ್ನೂದೂ ತಿಳ್ಯಂಗಿಲ್ಲ. ಇವನ್ನ ಬಿಡ್ರಿ ಸಾವ್ಕಾರ್ರ, ನಾನ ಹೋಗಿ ಮುಗಿಸಿ ಬರ್ತೇನಿ.”

“ಸೋತಾಂವ ಹೋಗಬೇಕು. ಎಲಿ ಎತ್ತು.”

ಬ್ಯಾಡಗಿಯ ಆ ಮೆಣಸಿನಕಾಯಿ ಗೋದಾಮಿನೊಳಗೆ ಗುಡದಪ್ಪ ಹೇಳಿದ್ದೇ ಕಾಯ್ದೆ. ಯಾರನ್ನಾದರೂ ಕೊಲ್ಲಿಸಬೇಕಾದಾಗ ತನ್ನ ಆಳುಗಳಿಬ್ಬರನ್ನು ಎದುರುಬದುರು ಕೂರಿಸಿ ಮೂರೆಲೆ ಆಡಿಸುತ್ತಿದ್ದ. ಪಣ ಬರೀ ಬೆಂಕಿಕಡ್ಡಿ. ಕಡ್ಡಿ ಮುಗಿದವನಿಗೆ ತನ್ನ ಸೊಂಟದ ಚಾಕು ಕೊಟ್ಟು ಕಳಿಸುತ್ತಿದ್ದ. ಒಳಗೆ ಬಂದವರ ಮೈ ತಡವಿ, ಮೊಬೈಲು, ಬೀಡಿ, ಅಡಕೊತ್ತು ಎಲ್ಲವನ್ನೂ ಬಾಗಿಲಲ್ಲೇ ಕಸಿದುಕೊಳ್ಳುತ್ತಿದ್ದ. ಇವತ್ತು ಸಾಯಬೇಕಾದವನು ಕರ್ಜಗಿಯ ಲಕ್ಷ್ಮಪ್ಪ. ಮರುದಿನ ಹಾವೇರಿ ಕೋರ್ಟಿನಲ್ಲಿ ಗುಡದಪ್ಪನ ವಿರುದ್ಧ ಸಾಕ್ಷಿ ಹೇಳುವವನಿದ್ದ.

ಮುದುಕನ ಎದುರು ಕೂತಿದ್ದವನು ಸಿದ್ದಲಿಂಗೇಶ. ಟ್ರ್ಯಾಕ್ಸ್ ಓಡಿಸುವವನು, ಕೋಳಿ ಕೊಯ್ಯುವುದನ್ನೂ ನೋಡಲಾರದವನು ಎಂದು ರಾಣೆಬೆನ್ನೂರು ಸ್ಟ್ಯಾಂಡಿನವರೆಲ್ಲ ನಗುತ್ತಿದ್ದರು. ಅಪ್ಪ ಸತ್ತ ವರ್ಷವೇ ಬಂದು ಗುಡದಪ್ಪನ ಕಾಲಿಗೆ ಬಿದ್ದು ಕೆಲಸ ಕೇಳಿದ್ದ. ಹೇಡಿಗಳನ್ನು ಸಾಕುವುದೆಂದರೆ ಗುಡದಪ್ಪನಿಗೆ ಖುಷಿ. ಇವತ್ತು ಹುಡುಗನ ಮೊದಲ ಆಟ. ಘಾಟಿಗೋ ಭಯಕ್ಕೋ, ಕಣ್ಣಲ್ಲಿ ನೀರು ತುಂಬಿತ್ತು.

ಸಿದ್ದಲಿಂಗೇಶ ಮೂರೆಲೆಗಳನ್ನು ನೋಡಿದ, ಬೆವರಿದ, ಮಗುಚಿ ಒಗೆದ. ಹಾಕಿದ ಕಡ್ಡಿ ಹೋಯಿತು. ಮುಂದಿನ ಸಲ ಒಗೆಯಲಿಲ್ಲ. ಕಡ್ಡಿಯ ಮೇಲೆ ಕಡ್ಡಿ ಹಾಕಿ ಶೋ ಕೇಳಿದ. ಬಿಚ್ಚಿದರೆ ಒಂಬತ್ತು, ಐದು, ಎರಡು. ಇಸಾಕಸಾಬನ ಕೈಯಲ್ಲಿದ್ದ ಮೂರರ ಬಡ ಜೋಡಿಯೇ ಗೆದ್ದಿತು.

“ಜೋಡಿ ಇರಲಿಲ್ಲಂದ್ರ ಒಗೀಬೇಕೋ ತಮ್ಮಾ,” ಮುದುಕ ತಡೆಯಲಾರದೆ ಅಂದುಬಿಟ್ಟ.

ಈ ಸಲ ಪಕ್ಕೆಗೆ ಒದೆ ಬಿತ್ತು. ಮುದುಕ ಕರುಣೆಗೆ ಬಿದ್ದು ಆಟ ಬಿಟ್ಟುಕೊಟ್ಟಾನೆಂದು ಗುಡದಪ್ಪ ಅವನ ಎಲೆಗಳನ್ನೇ ಇಣುಕುತ್ತ ಕೂತ.

“ಅಪ್ಪನ ಬುದ್ಧೀನ ಬಂದೈತಿ ನಿನಗ,” ಎಂದು ಸಿದ್ದಲಿಂಗೇಶನನ್ನು ನೋಡಿ ನಕ್ಕ. “ಅಂದಾನೆಪ್ಪನೂ ಇಲ್ಲೇ ಕುಂತು ಸೋತಾ. ಚಾಕು ಮುಟ್ಟಂಗಿಲ್ಲ ಅಂದ. ಕುಮಾರಪಟ್ಟಣದ ಹೊಳ್ಯಾಗ ಹೆಣ ಸಿಕ್ತು. ಅಪ್ಪ ಹಾಕಿದ ಆಲದ ಮರ ಅಂತ ನೀನೂ ಅದಕ್ಕ ನೇಣ ಹಾಕ್ಕೋಬ್ಯಾಡ.”

“ಇಲ್ರಿ ಸಾವ್ಕಾರ್ರ. ಸೋತ್ರ ಚಾಕು ತಗೋತೇನ್ರಿ.”

ಅಂದಾನೆಪ್ಪ ಇಸಾಕಸಾಬನ ಜೀವದ ಗೆಳೆಯ. ಈ ಹುಡುಗನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ಈ ಮುದುಕನೇ. ಅವನನ್ನೇ ಕೊಲೆಗಾರನಾಗಿ ಕಾಣುವ ದಿನ ಬಂತಲ್ಲ ಎಂದು ಸಂಕಟವಾಯಿತು.

ಸಿದ್ದಲಿಂಗೇಶನ ಮುಂದೆ ಒಂದೇ ಕಡ್ಡಿ ಉಳಿಯಿತು. ಅದನ್ನೂ ಹಾಕಿದ. ಎಲೆ ಎತ್ತಿ ನೋಡಿದ. ಮುಖ ಬಿಳಿಚಿಕೊಂಡಿತು. ಮೂರನ್ನೂ ಮಗುಚಿ ಒಗೆದ.

“ಕಡೀ ಕಡ್ಡಿ ಐತಿ. ಒಗೀಬ್ಯಾಡೋ, ಆಡೋ,” ಇಸಾಕಸಾಬ ಗೋಗರೆದ.

“ಸೋತ್ನಿ ಕಾಕಾ.”

ಗುಡದಪ್ಪ ಎದ್ದ. ಹುಡುಗನ ಕೆನ್ನೆಗೆ ಒಂದು ಬಾರಿಸಿ, ಚಾಕುವನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದ.

“ಹೊಟ್ಟಿಗೆ ಹಾಕಬ್ಯಾಡ, ಚೀರ್ತಾರ. ಹಿಂದಿಂದ ಹೋಗಿ ಕುತ್ತಿಗಿಗೆ ಹಾಕು. ಸಪ್ಪಳ ಇರಂಗಿಲ್ಲ.”

“ಹೂನ್ರಿ.”

ಗುಡದಪ್ಪ ಬಾಗಿಲ ಚಿಲಕ ತೆಗೆಯಲು ತಿರುಗಿದ. ಇಸಾಕಸಾಬ ಅಳುತ್ತ ಎಲೆಗಳನ್ನು ಒಟ್ಟುಮಾಡತೊಡಗಿದ. ಹುಡುಗ ಒಗೆದದ್ದನ್ನು ತಿರುವಿ ನೋಡಿದ. ಎಕ್ಕಾ, ಎಕ್ಕಾ, ಎಕ್ಕಾ. ಆ ಆಟದಲ್ಲಿ ಅದಕ್ಕಿಂತ ದೊಡ್ಡ ಕೈ ಇಲ್ಲ. ಅವನು ಗಾಬರಿಯಿಂದ ತಲೆ ಎತ್ತಿದ.

ಚಾಕು ಹಿಡಿಯವರೆಗೂ ಗುಡದಪ್ಪನ ಕುತ್ತಿಗೆಯಲ್ಲಿ ಇಳಿದಿತ್ತು. ಅವನೇ ಹೇಳಿಕೊಟ್ಟಂತೆ, ಸಪ್ಪಳ ಇರಲಿಲ್ಲ.